ಹೊಸಕೊಪ್ಪಲಿನ ಮೂರನೆಯ ಕಮಾನು

ಹಾಸನ
3 ಜೂನ್ 2024

ಶಿವರಾಜು ಅವರಿಗೆ ನಮಸ್ಕಾರ.

ನನ್ನ ಪರಿಚಯ ನಿಮಗಿಲ್ಲ. ಹಾಸನದ ಒಂದು ಕಾಲೇಜಿನಲ್ಲಿ ಕಟ್ಟಡ ವಿನ್ಯಾಸದ ಪಾಠ ಮಾಡುತ್ತೇನೆ. ಹೊಸಕೊಪ್ಪಲಿನ ಚರ್ಚನ್ನು ಮತ್ತೆ ಕಟ್ಟಿ ಬರುವ ವರ್ಷಕ್ಕೆ ಹದಿನೈದು ವರ್ಷವಾಗುತ್ತದೆ. ಅದರ ಕಟ್ಟಡದ ಚರಿತ್ರೆಯನ್ನು ಪುಸ್ತಕವಾಗಿ ತರಲು ಈಗಿನ ಫಾದರ್ ಒಪ್ಪಿದ್ದಾರೆ, ಬರೆಯುವ ಕೆಲಸ ನನ್ನದು. ಶೆಟ್ಟಿಹಳ್ಳಿಯಲ್ಲಿ ನೀರಿನ ನಡುವೆ ನಿಂತ ಪಾಳು ಚರ್ಚಿನ ಬಗ್ಗೆ ಬೇಕಾದಷ್ಟು ಜನ ಬರೆದಿದ್ದಾರೆ. ಹಿನ್ನೀರಿನಿಂದ ಕಲ್ಲು ಹೊತ್ತು ತಂದು ದಿಬ್ಬದ ಮೇಲೆ ಎಬ್ಬಿಸಿದ ನಿಮ್ಮ ಚರ್ಚಿನ ಬಗ್ಗೆ ಒಂದು ಪುಟವೂ ಇಲ್ಲ.

ಹಳೆಯ ಕಡತದಲ್ಲಿ ಮೇಸ್ತ್ರಿ ಗಂಗಯ್ಯ, ಅವರ ಮಗ ಶಿವರಾಜು ಎಂದು ಎರಡು ಹೆಸರು ಸಿಕ್ಕಿತು. ವಿಚಾರಿಸಿಕೊಂಡು ಅರಕಲಗೂಡಿನ ಕಡೆ ನಿಮ್ಮ ಊರಿಗೆ ಹೋದೆ. ನಿಮ್ಮ ತಾಯಿ ಬೆಟ್ಟಮ್ಮನವರು ಕೂರಿಸಿ ಮಜ್ಜಿಗೆ ಕೊಟ್ಟು, ನೀವು ಇರುವ ಜಾಗ ತಿಳಿಸಿದರು. ಹೇಗೆ ಅಲ್ಲಿಗೆ ಹೋದಿರಿ ಎಂದು ನಾನು ಕೇಳುವುದಿಲ್ಲ. ನನಗೆ ಬೇಕಾದದ್ದು ಗೋಡೆಯ ವಿಷಯ. ಕಲ್ಲನ್ನು ಹೇಗೆ ತಂದಿರಿ, ಗಾರೆ ಹೇಗೆ ಮಾಡಿದಿರಿ, ಕಮಾನುಗಳನ್ನು ಹೇಗೆ ಕಟ್ಟಿದಿರಿ, ನೆನಪಿದ್ದಷ್ಟು ಬರೆಯಿರಿ.

ರಂಜಿತಾ

---

ಕೇಂದ್ರ ಕಾರಾಗೃಹ, ಮೈಸೂರು
20 ಜೂನ್ 2024

ರಂಜಿತಾ ಮೇಡಂ ಅವರಿಗೆ,

ನಿಮ್ಮ ಕಾಗದ ನೋಡಿ ಮೊದಲು ನಗು ಬಂತು. ಹದಿನಾಲ್ಕು ವರ್ಷದಲ್ಲಿ ನನ್ನ ಹತ್ತಿರ ಎಲ್ಲರೂ ಒಂದೇ ವಿಷಯ ಕೇಳಿದ್ದಾರೆ. ಗೋಡೆ ವಿಷಯ ಕೇಳಿದವರು ನೀವೇ ಮೊದಲು. ಎಸ್ಸೆಸ್ಸೆಲ್ಸಿವರೆಗೆ ಓದಿದ್ದೇನೆ, ಇಲ್ಲಿ ಬೇರೆಯವರಿಗೆ ಅರ್ಜಿ ಬರೆದುಕೊಡುವವನೂ ನಾನೇ. ಅಕ್ಷರಕ್ಕೆ ಹೆದರಬೇಡಿ.

ಹಳೇ ಚರ್ಚು ಫ್ರೆಂಚ್ ಪಾದ್ರಿಯೊಬ್ಬರು ಹೊಳೆ ದಂಡೆಯಲ್ಲಿ ಕಟ್ಟಿಸಿದ್ದು. ಅಣೆಕಟ್ಟೆ ಆದಾಗ ಊರು ದಿಬ್ಬಕ್ಕೆ ಬಂತು, ಚರ್ಚು ನೀರಿನಲ್ಲಿ ಉಳಿಯಿತು. ಮೂವತ್ತು ವರ್ಷ ಜನ ತಗಡಿನ ಶೆಡ್ಡಿನಲ್ಲಿ ಪೂಜೆ ಮಾಡಿದರು. ಆಮೇಲೆ ಹಳೇ ಕಲ್ಲಿನಲ್ಲೇ ಹೊಸದು ಕಟ್ಟಬೇಕು, ಸಿಮೆಂಟು ಬೇಡ ಅಂತ ಹಠ ಹಿಡಿದರು. ಗಾರೆ ಕೆಲಸ ಬಲ್ಲವರು ಯಾರು ಅಂತ ಹುಡುಕಿದಾಗ ನನ್ನ ಅಪ್ಪನ ಹೆಸರು ಬಂತು. ನಾವು ಕ್ರೈಸ್ತರಲ್ಲ. ಆದರೆ ದೇವರ ಮನೆ ಯಾರದಾದರೇನು, ತೂಗುಗುಂಡು ಬಿಟ್ಟರೆ ಎಲ್ಲ ಕಡೆ ನೇರವಾಗೇ ಇಳಿಯುತ್ತದೆ ಅಂತ ಅಪ್ಪ ಒಪ್ಪಿಕೊಂಡರು.

ಎರಡು ಬೇಸಿಗೆ, ನೀರು ಇಳಿದಾಗಲೆಲ್ಲ, ಕಲ್ಲು ಬಿಚ್ಚಿದೆವು. ಒಂದೊಂದಕ್ಕೂ ಕೆಂಪು ಬಣ್ಣದಲ್ಲಿ ಗುರುತು ಹಾಕಿ ಟ್ರ್ಯಾಕ್ಟರಿಗೆ ಏರಿಸಿದೆವು. ಬಾಗಿಲ ಪಕ್ಕದ ಕಂಬದಲ್ಲಿ ಬಲಗಡೆ ಕೆಳಗಿಂದ ನಾಲ್ಕನೇ ಕಲ್ಲು ತಲೆಕೆಳಗಾಗಿದೆ ನೋಡಿ, ಅದು ನನ್ನ ತಪ್ಪು. ಅಪ್ಪ ಒಂದು ವಾರ ಮಾತು ಬಿಟ್ಟಿದ್ದರು.

ನೀವು ಪುಸ್ತಕದಲ್ಲಿ ‘ಸುಣ್ಣದ ಗಾರೆ’ ಅಂತ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತೀರಿ, ನನಗೆ ಗೊತ್ತು. ಸುಣ್ಣ ಹೊಂಡದಲ್ಲಿ ಎರಡು ತಿಂಗಳು ಕೊಳೆಯಬೇಕು. ಮರಳು, ಇಟ್ಟಿಗೆ ಪುಡಿ ಸೇರಿಸಿ ಎತ್ತು ಕಟ್ಟಿ ಗಾಣದಲ್ಲಿ ಅರೆಯಬೇಕು. ಬೆಲ್ಲದ ನೀರು ಬಿಡಬೇಕು. ಬೆಣ್ಣೆ ಹಾಗೆ ಆದಮೇಲೆ ಕರಣೆಗೆ ಹತ್ತಬೇಕು. ಸಿಮೆಂಟಿನವರು ಇದನ್ನೆಲ್ಲ ನೋಡಿ ಹಲ್ಲು ಕಿಸಿಯುತ್ತಿದ್ದರು. ಅವರು ಕಟ್ಟಿದ ಕಾಂಪೌಂಡು ಈಗ ಹೇಗಿದೆ ಅಂತ ನೋಡಿ ಬರೆಯಿರಿ, ಬಿರುಕು ಬಿಟ್ಟಿರದಿದ್ದರೆ ನನ್ನನ್ನು ಕೇಳಿ.

ಒಳಗೆ ಬಲಕ್ಕೊಂದು, ಎಡಕ್ಕೊಂದು ಕಮಾನಿದೆ. ಎರಡೂ ಅಪ್ಪನ ಕೈಯವು. ಚೆನ್ನಾಗಿ ಫೋಟೋ ತೆಗೆಯಿರಿ.

ಶಿವರಾಜು

---

ಹಾಸನ
8 ಜುಲೈ 2024

ಶಿವರಾಜು ಅವರಿಗೆ,

ನಿಮ್ಮ ಪತ್ರವನ್ನು ಕೈಯಲ್ಲಿ ಹಿಡಿದುಕೊಂಡೇ ಚರ್ಚನ್ನು ಸುತ್ತಿದೆ. ತಲೆಕೆಳಗಾದ ಕಲ್ಲು ಸಿಕ್ಕಿತು. ಕಾಂಪೌಂಡು ಮೂರು ಕಡೆ ಬಿರುಕು ಬಿಟ್ಟಿದೆ, ಸಂತೋಷಪಡಿ.

ಒಂದು ಕೇಳಬೇಕು. ಕಮಾನು ಎರಡು ಎಂದು ಬರೆದಿದ್ದೀರಿ. ಅಲ್ಲಿರುವುದು ಮೂರು. ಪೀಠದ ಮುಂದೆ, ಎಲ್ಲಕ್ಕಿಂತ ದೊಡ್ಡದು. ಅದನ್ನು ಬೆರಳಿನಿಂದ ತಟ್ಟಿ ನೋಡಿದೆ. ಅದು ಕಮಾನೇ ಅಲ್ಲ. ಒಳಗೆ ಕಬ್ಬಿಣ, ಸಿಮೆಂಟಿನ ತೊಲೆ. ಹೊರಗೆ ಪ್ಲಾಸ್ಟರಿನಲ್ಲಿ ಕಲ್ಲಿನ ಗೆರೆ ಎಳೆದಿದ್ದಾರೆ. ಸಿಮೆಂಟು ಬೇಡವೆಂದು ಹಠ ಹಿಡಿದ ಊರು ಪೀಠದ ನೆತ್ತಿಯ ಮೇಲೆ ಯಾಕೆ ಅದನ್ನು ಇಟ್ಟಿತು? ಪುಸ್ತಕ ಬರೆಯುವವಳಿಗೆ ಇದನ್ನು ಬಿಟ್ಟು ಮುಂದೆ ಹೋಗಲು ಆಗುವುದಿಲ್ಲ. ಕಟ್ಟಿದವರು ನೀವು. ಹೇಳಿ.

ರಂಜಿತಾ

---

ಮೈಸೂರು
2 ಸೆಪ್ಟೆಂಬರ್ 2024

ಮೇಡಂ,

ಎರಡು ತಿಂಗಳು ನಿಮ್ಮ ಕಾಗದವನ್ನು ಹಾಸಿಗೆ ಕೆಳಗೆ ಇಟ್ಟುಕೊಂಡಿದ್ದೆ. ಹೇಗೆ ಬಂದೆ ಅಂತ ಕೇಳುವುದಿಲ್ಲ ಅಂದಿರಿ, ಈಗ ಕೇಳಿದ್ದು ಅದನ್ನೇ. ನಿಮಗೆ ಗೊತ್ತಿರಲಿಕ್ಕಿಲ್ಲ.

ಗಾರೆ ಕಮಾನು ಕಟ್ಟುವಾಗ, ಒಣಗುವ ತನಕ ಕಲ್ಲು ಹೊರಲು, ಕೆಳಗೆ ಮರದ ಸೆಂಟ್ರಿಂಗ್ ಕೊಡುತ್ತೇವೆ. ದೊಡ್ಡ ಕಮಾನಿಗೆ ಅದು ಕಮ್ಮಿ ಅಂದರೂ ನಲವತ್ತು ದಿನ ಇರಬೇಕು. ಆಮೇಲೆ ಅದಕ್ಕೆ ಕೊಟ್ಟ ಬೆಣೆಗಳನ್ನು ಹೊಡೆದು ಬಿಚ್ಚುತ್ತೇವೆ. ಬಿಚ್ಚುವಾಗ ಕಟ್ಟಿದ ಮೇಸ್ತ್ರಿ ಕಮಾನಿನ ಕೆಳಗೆ ನಿಲ್ಲಬೇಕು. ಇದು ನಮ್ಮ ಕೆಲಸದವರ ಪದ್ಧತಿ. ನನ್ನ ತಾತನೂ ನಿಂತಿದ್ದರು. ನಿಲ್ಲದವನನ್ನು ಮೇಸ್ತ್ರಿ ಅಂತ ಯಾರೂ ಕರೆಯುವುದಿಲ್ಲ.

ಕಂಟ್ರಾಕ್ಟು ಹಿಡಿದಿದ್ದವನು ಮೋಹನ್‌ಕುಮಾರ್ ಅಂತ, ಚನ್ನರಾಯಪಟ್ಟಣದವನು. ಜೋಸೆಫರ ಹಬ್ಬಕ್ಕೆ ಬಿಷಪ್ಪರು ಬಂದು ಆಶೀರ್ವಾದ ಮಾಡುವ ದಿನ ಗೊತ್ತಾಗಿತ್ತು. ನೆಲಹಾಸು ಬಾಕಿ ಇತ್ತು. ಸೆಂಟ್ರಿಂಗ್ ಅಡ್ಡ ನಿಂತಿತ್ತು. ಹತ್ತೊಂಬತ್ತನೇ ದಿನಕ್ಕೇ ಬಿಚ್ಚಿ ಅಂದ. ಅಪ್ಪ ಇನ್ನೂ ಹಸಿ ಇದೆ ಅಂದರು. ಅವನು ಎಲ್ಲರ ಎದುರಿಗೆ, ನಿಂಗೆ ಧೈರ್ಯ ಇಲ್ಲ ಅನ್ನು ಮುದುಕ, ಗಾರೆ ಮೇಲೆ ಯಾಕೆ ಹಾಕ್ತೀಯ ಅಂತ ಅಂದುಬಿಟ್ಟ. ಅಪ್ಪನ ಮುಖ ಕಪ್ಪಾಯಿತು. “ನಾಳೆ ಬಿಚ್ತೀವಿ. ನಾನು ಕೆಳಗೆ ನಿಂತ್ಕತೀನಿ” ಅಂದರು.

2010, ಮಾರ್ಚ್ ಒಂಬತ್ತು, ಬೆಳಿಗ್ಗೆ. ಅಪ್ಪ ಅಂಗಿ ಬಿಚ್ಚಿ ನನ್ನ ಕೈಗೆ ಕೊಟ್ಟು ಬರೀ ಮೈಯಲ್ಲಿ ನಿಂತರು. ಬೆಣೆ ಹೊಡೆದವನು ನಾನು. ನನ್ನ ಸುತ್ತಿಗೆ, ನನ್ನ ಕೈ. ಕೊನೇ ಬೆಣೆ ಹೋದಾಗ ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಕಮಾನಿನ ನೆತ್ತಿ ಬಿತ್ತು. ಸುಣ್ಣದ ಧೂಳಿನಲ್ಲಿ ಕಣ್ಣು ಕಾಣಲಿಲ್ಲ. ಕೈಯಿಂದ ತಡವಿದೆ. ಅಪ್ಪನ ಎದೆ ಮೇಲೆ ಕಲ್ಲು ಕೂತಿತ್ತು, ತಲೆ ಇರಬೇಕಾದ ಕಡೆ ಇನ್ನೊಂದು ಕಲ್ಲಿತ್ತು. ಒಂದು ಕೈ ಮಾತ್ರ ಹೊರಗಿತ್ತು. ಬೆರಳು ಅಲ್ಲಾಡುತ್ತಿತ್ತು, ಹಿಡಿದುಕೊಂಡೆ, ನಿಂತುಹೋಯಿತು.

ಅಷ್ಟು ಹೊತ್ತಿಗೆ ಆ ಮೋಹನ್‌ಕುಮಾರ್ ಬೈಕಿನಲ್ಲಿ ಬಂದ. ಆಳುಗಳು ಸಹಾಯಕ್ಕೆ ಕರೆಯಲು ಊರೊಳಕ್ಕೆ ಓಡಿದ್ದರು. ಅವನು ಒಳಕ್ಕೆ ಬಂದು ಬಾಯಿ ತೆಗೆದ. ಸುತ್ತಿಗೆ ನನ್ನ ಕೈಯಲ್ಲೇ ಇತ್ತು. ಮೊದಲನೇ ಏಟು ಬಾಯಿಗೇ ಬಿತ್ತು. ಏಳು ಏಟು. ಕೋರ್ಟಿನಲ್ಲಿ ಡಾಕ್ಟರು ಏಳು ಅಂದರು, ನಾನು ಎಣಿಸಿರಲಿಲ್ಲ. ನನಗೆ ಪಶ್ಚಾತ್ತಾಪ ಇಲ್ಲ ಅಂತ ಜಡ್ಜರಿಗೂ ಹೇಳಿದೆ. ಕಮಾನು ಬಿದ್ದ ಜಾಗಕ್ಕೆ ಆಮೇಲೆ ಯಾರೋ ಸಿಮೆಂಟಿನ ತೊಲೆ ಹಾಕಿರಬೇಕು, ಅದು ನಮ್ಮ ಕೈಯದಲ್ಲ.

ನನ್ನ ಅಪ್ಪನನ್ನು ಕೊಂದವನು ಅವನು. ಊರೆಲ್ಲ ಇದನ್ನೇ ಹೇಳುತ್ತದೆ. ಪುಸ್ತಕದಲ್ಲೂ ಹಾಗೇ ಬರೆಯಿರಿ.

ಸನ್ನಡತೆ ಮೇಲೆ ಬಿಡುವವರ ಪಟ್ಟಿಯಲ್ಲಿ ಈ ಸಾರಿ ನನ್ನ ಹೆಸರಿದೆ. ಸತ್ತವನ ಮನೆಯವರ ಅಭಿಪ್ರಾಯವನ್ನೂ ಪೊಲೀಸರು ಬರೆಸಿಕೊಳ್ಳುತ್ತಾರಂತೆ. ಅವರು ಒಪ್ಪುತ್ತಾರಾ? ಅವ್ವನಿಗೆ ಎಪ್ಪತ್ತಾರು. ಅವಳ ಕಣ್ಣು ಇರುವಾಗ ಒಂದು ಸಲ ಮನೆಗೆ ಹೋಗಬೇಕು, ನನಗಿರುವುದು ಅದೊಂದೇ ಆಸೆ.

ಶಿವರಾಜು

---

ಹಾಸನ
11 ನವೆಂಬರ್ 2024

ಶಿವರಾಜು,

ನಿಮ್ಮ ಪತ್ರದ ‘ಆ ಮೋಹನ್‌ಕುಮಾರ್’ ನನ್ನ ಅಪ್ಪ.

ಇದನ್ನು ಮೊದಲೇ ಹೇಳದೆ ನಿಮ್ಮಿಂದ ಬರೆಸಿಕೊಂಡೆ. ಮೋಸ ಅನ್ನಿ, ಬೇಸರವಿಲ್ಲ. ಫಾದರ್ ನನಗೆ ಕೆಲಸ ವಹಿಸಲಿಲ್ಲ, ನಾನೇ ಬೇಡಿ ತೆಗೆದುಕೊಂಡೆ. ನಿಮ್ಮ ತಾಯಿ ಕೊಟ್ಟ ಮಜ್ಜಿಗೆಯನ್ನು ನಾನು ಯಾರೆಂದು ಹೇಳದೆ ಕುಡಿದೆ. ನಿಮ್ಮ ಕಾಗದ ಓದಿದ ದಿನ ಹಲಗೆಯ ಮುಂದೆ ಸೀಮೆಸುಣ್ಣ ಹಿಡಿದು ನಿಂತವಳಿಗೆ ಪಾಠ ಮಾಡಲು ಆಗಲಿಲ್ಲ. ಮೊದಲನೇ ಏಟು ಬಾಯಿಗೇ ಎಂದು ಬರೆಯುತ್ತೀರಲ್ಲ, ಆ ಬಾಯನ್ನು ನಾನು ನೋಡಿದ್ದೇನೆ. ಬಟ್ಟೆ ಮುಚ್ಚಿ ತಂದಿದ್ದರು, ಅಮ್ಮ ತೆಗೆದಳು. ನನಗೆ ಆಗ ಹದಿಮೂರು ವರ್ಷ. ನಿಮ್ಮನ್ನು ನಾನು ದ್ವೇಷಿಸುತ್ತೇನೆ. ಇದನ್ನು ಸ್ಪಷ್ಟವಾಗಿ ತಿಳಿದುಕೊಂಡು ಮುಂದೆ ಓದಿ.

ಕೆಲಸ ನಡೆಯುವಾಗ ನಾವು ಹೊಳೆನರಸೀಪುರದಲ್ಲಿ ಬಾಡಿಗೆಗೆ ಇದ್ದೆವು. ಅವತ್ತು ಬೆಳಿಗ್ಗೆ ಅಪ್ಪ ತಟ್ಟೆ ಮುಂದೆ ಕೂತವರು ರೊಟ್ಟಿ ಮುಟ್ಟಲಿಲ್ಲ. “ಪ್ರೇಮಾ, ಆ ಮುದುಕ ನಿಂತೇ ನಿಂತ್ಕತಾನೆ ಕಣೇ. ನಾನು ಅನ್ನಬಾರದ ಮಾತು ಅಂದ್ಬುಟ್ಟೆ” ಎಂದು ಅಮ್ಮನಿಗೆ ಹೇಳಿದರು. ಗಂಗಯ್ಯನವರಿಗೆ ಫೋನ್ ಮಾಡಿದರು. ಎತ್ತಲಿಲ್ಲ. ಇನ್ನೊಮ್ಮೆ ಮಾಡಿದರು. ಹಬ್ಬ ಮುಂದಕ್ಕೆ ಹೋದರೆ ಹೋಗಲಿ, ಬಿಚ್ಚಬೇಡಿ ಅಂತ ಹೇಳಬೇಕು, ದಾರೀಲಿ ಮತ್ತೆ ಮಾಡ್ತೀನಿ ಎಂದು ಹಸಿದುಕೊಂಡೇ ಬೈಕ್ ಹತ್ತಿದರು.

ಇದನ್ನು ಅಮ್ಮ ಎಲ್ಲರಿಗೂ ಹೇಳಿದಳು. ಯಾರೂ ನಂಬಲಿಲ್ಲ. ನೀವು ಕೊಲೆ ಒಪ್ಪಿಕೊಂಡಿರಿ, ಹಾಗಾಗಿ ಫೋನಿನ ದಾಖಲೆ ತರಿಸುವ ಅಗತ್ಯ ಯಾರಿಗೂ ಬೀಳಲಿಲ್ಲ. ಈಗ ಕೇಳಿದರೆ ಅಷ್ಟು ಹಳೆಯದು ಇಲ್ಲ ಎನ್ನುತ್ತಾರೆ. ಮುದುಕನನ್ನು ಕೊಂದವನ ಹೆಂಡತಿ ಎಂದೇ ಅಮ್ಮ ಹದಿನಾಲ್ಕು ವರ್ಷ ಬದುಕಿದ್ದಾಳೆ. ಮದುವೆ ಮನೆಗೆ ಹೋಗುವುದಿಲ್ಲ, ಸಾವಿನ ಮನೆಗೂ ಹೋಗುವುದಿಲ್ಲ.

ನನ್ನ ಪ್ರಶ್ನೆ ಒಂದೇ. ಗಂಗಯ್ಯನವರ ಫೋನು ಅವತ್ತು ಬೆಳಿಗ್ಗೆ ಬಡಿದುಕೊಂಡಿತೇ?

ಪೊಲೀಸರು ಒಮ್ಮೆ ಬಂದು ಹೋದರು. ಅಣ್ಣ ಅನಿಲ್‌ಕುಮಾರ್‌ನನ್ನು ಕೇಳಿದರೆ ನಿಮ್ಮನ್ನು ಹೊರಗೆ ಬಿಡಿ, ನಾನು ನೋಡಿಕೊಳ್ಳುತ್ತೇನೆ ಎನ್ನುತ್ತಾನೆ. ಅದಕ್ಕೇ ಅಮ್ಮ ನನ್ನ ಹೆಸರು ಕೊಟ್ಟಿದ್ದಾಳೆ. ಒಪ್ಪಿಗೆಯೋ ತಕರಾರೋ, ಬರೆದುಕೊಡಬೇಕಾದವಳು ನಾನು. ಯೋಚಿಸಿ ಉತ್ತರ ಬರೆಯಿರಿ.

ರಂಜಿತಾ ಮೋಹನ್‌ಕುಮಾರ್

---

ಮೈಸೂರು
25 ನವೆಂಬರ್ 2024

ಮೇಡಂ,

ಫೋನು ಬರಲಿಲ್ಲ.

ಶಿವರಾಜು

---

ಹಾಸನ
9 ಜನವರಿ 2025

ಶಿವರಾಜು ಅವರಿಗೆ,

ನಿಮ್ಮ ಎರಡು ಪದವನ್ನು ಒಂದೂವರೆ ತಿಂಗಳು ಓದಿದೆ. ಸುಳ್ಳು ಹೇಳುವವನಾದರೆ ಕಥೆ ಕಟ್ಟಿ ನಾಲ್ಕು ಪುಟ ಬರೆಯುತ್ತಿದ್ದ ಅನ್ನಿಸಿತು. ನಂಬಿದೆ. ಲೈನು ಸಿಗಲಿಲ್ಲವೋ, ಅಪ್ಪ ನಮ್ಮ ಮುಂದೆ ಸುಮ್ಮನೆ ಕಿವಿಗೆ ಹಿಡಿದರೋ, ಇನ್ನು ಯಾರನ್ನು ಕೇಳಲಿ? ಹಿಂದಿನ ದಿನ ನಿಮ್ಮ ತಂದೆಯನ್ನು ಹಂಗಿಸಿದ ಮಾತಂತೂ ಅವರದೇ.

ಮೊನ್ನೆ ಇಲ್ಲಿನ ಪೊಲೀಸ್ ಕಚೇರಿಗೆ ಕರೆಸಿದ್ದರು. ಬಿಡುಗಡೆಗೆ ನಮ್ಮ ತಕರಾರಿಲ್ಲ ಎಂದು ಬರೆದು ಸಹಿ ಹಾಕಿದೆ. ಈ ತಿಂಗಳ ಕೊನೆಗೆ ಕಡತ ಮೇಲಕ್ಕೆ ಹೋಗುತ್ತದಂತೆ. ನೀವು ನಿಮ್ಮ ಅವ್ವನನ್ನು ನೋಡಬಹುದು.

ಪುಸ್ತಕದಲ್ಲಿ ಹೀಗೆ ಬರೆದಿದ್ದೇನೆ: ‘ಕಂಟ್ರಾಕ್ಟರನ ಆತುರದಿಂದ ಕಮಾನು ಕುಸಿದು ಮೇಸ್ತ್ರಿ ಗಂಗಯ್ಯನವರು ಸತ್ತರು.’ ಅಮ್ಮನಿಗೆ ಓದಿ ಹೇಳಿದೆ. ಎದ್ದು ಹೋಗಿ ಗೋಡೆಯಿಂದ ಅಪ್ಪನ ಫೋಟೋ ಇಳಿಸಿ ಅಕ್ಕಿ ಡ್ರಮ್ಮಿನ ಹಿಂದೆ ಇಟ್ಟಳು.

ರಂಜಿತಾ

---

ಮೈಸೂರು
22 ಜನವರಿ 2025

ತಾಯಿ,

ಆ ಫೋಟೋವನ್ನು ಮತ್ತೆ ಗೋಡೆಗೆ ಹಾಕಿಸಿ. ಫೋನು ಬಂದಿತ್ತು.

ಅಪ್ಪ ಅಂಗಿ ಬಿಚ್ಚಿ ಕೊಟ್ಟರು ಅಂತ ಬರೆದಿದ್ದೆ. ಅದರ ಜೇಬಿನಲ್ಲೇ ಫೋನಿತ್ತು. ಅಂಗಿಯನ್ನು ಸಾರವೆ ಕಂಬಕ್ಕೆ ನೇತು ಹಾಕಿದ್ದೆ. ಎರಡು ಸಲ ಬಡಿದುಕೊಂಡಿತು, ನಾನು ಬೆಣೆಗಳಿಗೆ ಅಂಟಿದ ಗಾರೆ ಕೆರೆಯುತ್ತಿದ್ದೆ, ಎತ್ತಲಿಲ್ಲ. ಮೊದಲ ಬೆಣೆ ಹೊಡೆಯುವ ಹೊತ್ತಿಗೆ ಮತ್ತೆ ಬಂತು. ತೆಗೆದು ನೋಡಿದೆ. ನಿಮ್ಮ ತಂದೆಯವರ ಹೆಸರಿತ್ತು. ಇನ್ನೂ ಬಿಚ್ಚಿಲ್ಲವಾ ಅಂತ ಬೈಯಲು ಮಾಡಿದ್ದಾರೆ ಅಂದುಕೊಂಡೆ. ಹಿಂದಿನ ದಿನ ಅಪ್ಪನಿಗೆ ಅಂದ ಮಾತಿಗೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಕಟ್ ಮಾಡಿದೆ.

ಅಪ್ಪ ಕೆಳಗಿನಿಂದ, “ಯಾರ್ಲಾ ಅದು?” ಅಂದರು.

“ಅವನೇ ಕಣಪ್ಪ. ಬೇಗ ಬಿಚ್ಚಬೇಕಂತೆ” ಅಂದೆ.

ಎತ್ತದೇ ಇದ್ದ ಫೋನಿಗೆ ನಾನೇ ಮಾತು ಹುಟ್ಟಿಸಿ ಹೇಳಿದೆ. ಅಪ್ಪ ತಲೆ ಎತ್ತಿ ಕಮಾನು ನೋಡಿದರು. “ಅಂಗಾರೆ ವಡಿ” ಅಂದರು. ಹೊಡೆದೆ.

ಇನ್ನೂ ಒಂದಿದೆ. ನಿಮ್ಮ ತಂದೆ ಒಳಗೆ ಬಂದಾಗ ಅವರ ಮುಖದಲ್ಲಿ ರಕ್ತವಿರಲಿಲ್ಲ. ಕಲ್ಲಿನ ರಾಶಿ ನೋಡಿದರು, ಅಪ್ಪನ ಕೈ ನೋಡಿದರು. “ಬ್ಯಾಡ ಅನ್ನಕ್ಕೆ ಫೋನ್ ಮಾಡುದ್ನಲ್ಲೋ ಶಿವರಾಜ, ಯಾಕೋ ಎತ್ತಲಿಲ್ಲ” ಅಂದರು. ಅಷ್ಟೇ ಅವರು ಆಡಿದ್ದು. ಹೊರಗೆ ಊರಿನವರು ಓಡಿ ಬರುವ ಸದ್ದು ಕೇಳುತ್ತಿತ್ತು. ಆ ಮಾತನ್ನು ಅವರು ಎಲ್ಲರ ಎದುರು ಇನ್ನೊಮ್ಮೆ ಹೇಳುತ್ತಾರೆ, ಅಪ್ಪನನ್ನು ಕೊಂದವನು ನಾನು ಅಂತ ಆಗುತ್ತದೆ, ನನ್ನ ತಲೆಯಲ್ಲಿ ಬಂದದ್ದು ಇದೊಂದೇ. ಅದಕ್ಕೇ ಮೊದಲನೇ ಏಟು ಬಾಯಿಗೆ ಬಿತ್ತು. ಅಪ್ಪನ ಸಾವಿನ ಸಿಟ್ಟಿಗೆ ಹೊಡೆದೆ ಅಂತ ಊರು ನನ್ನನ್ನು ಹೊಗಳಿತು. ನಾನು ಹೊಡೆದದ್ದು ಹೆದರಿಕೆಗೆ. ಅವರು ಕೈ ಕೂಡ ಎತ್ತಲಿಲ್ಲ.

ಹದಿನಾಲ್ಕು ವರ್ಷದಲ್ಲಿ ಇದನ್ನು ಯಾರಿಗೂ ಹೇಳಿಲ್ಲ. ನವೆಂಬರಿನಲ್ಲಿ ನಿಮಗೆ ಸುಳ್ಳು ಬರೆದೆ, ಬಿಡುಗಡೆ ಆಸೆಗೆ. ನೀವು ನಂಬಿದಿರಿ, ಅದನ್ನು ನನಗೆ ತಡೆಯಲಾಗಲಿಲ್ಲ. ಕಡತ ಇನ್ನೂ ಹಾಸನದಲ್ಲೇ ಇದೆ ಅಂತ ನೀವೇ ಬರೆದಿದ್ದೀರಿ. ಹೋಗಿ ಬದಲಾಯಿಸಿ. ಗೊತ್ತಿದ್ದೇ ಬರೆಯುತ್ತಿದ್ದೇನೆ. ಇಲ್ಲಿ ಕಾಗದ ಓದಿ ಕಳಿಸುವ ಸಾಹೇಬರೂ ಇದನ್ನು ಓದಲಿ.

ಶಿವರಾಜು

---

ಹಾಸನ
17 ಫೆಬ್ರುವರಿ 2025

ಶಿವರಾಜು,

ನಿನ್ನ ಕಾಗದ ಜನವರಿ ಇಪ್ಪತ್ತೇಳಕ್ಕೆ ಕೈ ಸೇರಿತು. ಮಾರನೆಯ ದಿನ ಬೆಳಿಗ್ಗೆಯೇ ಕಚೇರಿಗೆ ಹೋದೆ. ಕಡತ ಮೇಜಿನ ಮೇಲೇ ಇತ್ತು. ಏನಮ್ಮಾ ಬದಲಾಯಿಸಬೇಕಾ ಎಂದು ಅವರು ಪೆನ್ನು ಕೊಟ್ಟರು. ಹಿಡಿದುಕೊಂಡೆ. ನಿನ್ನನ್ನು ಅಲ್ಲೇ ಕೊಳೆಯಲು ಬಿಡುವುದು ಎಷ್ಟು ಸುಲಭ! ಒಂದು ಸಾಲು ಸಾಕಿತ್ತು. ಪೆನ್ನನ್ನು ಮೇಜಿನ ಮೇಲೆ ಇಟ್ಟೆ.

ಬದಲಾಯಿಸಲಿಲ್ಲ. ಕ್ಷಮಿಸಿದ್ದೇನೆ ಎಂದುಕೊಳ್ಳಬೇಡ. ಸಾಯುವವರೆಗೆ ಕ್ಷಮಿಸುವುದಿಲ್ಲ.

ನಿನ್ನ ಕಾಗದವನ್ನು ಅಮ್ಮನಿಗೆ ಓದಿ ಹೇಳಿದೆ. ನಂಬಲಿಲ್ಲ. “ನಿನ್ ಸಮಾಧಾನಕ್ಕೆ ಬರ್ದವ್ನೆ ಬಿಡು, ಅವನ ಬಾಯಿಂದ್ಲೇ ಕೇಳೋಗಂಟ ನಾನು ಫೋಟೋ ಮುಟ್ಟಕಿಲ್ಲ” ಎಂದಳು. ಊರೂ ಹಾಗೇ ಅನ್ನುತ್ತದೆ. ಪುಸ್ತಕದ ಆ ಸಾಲನ್ನು ಹೊಡೆದುಹಾಕಿ ನಡೆದದ್ದನ್ನು ನಡೆದಂತೆ ಬರೆದಿದ್ದೇನೆ. ಆದರೆ ನಾನು ಮಗಳು, ನಾನು ಬರೆದದ್ದನ್ನು ಯಾರು ನಂಬುತ್ತಾರೆ? ಜೈಲಿನೊಳಗಿರುವ ನಿನ್ನಿಂದ ನನಗೆ ಏನೂ ಉಪಯೋಗವಿಲ್ಲ. ಅದಕ್ಕಾಗಿ ಹೊರಗೆ ಬಿಡಿಸುತ್ತಿದ್ದೇನೆ.

ಮೊದಲು ನಿನ್ನ ಅವ್ವನಿಗೆ ಹೇಳು. ಆಮೇಲೆ ಚನ್ನರಾಯಪಟ್ಟಣಕ್ಕೆ, ನಮ್ಮ ಮನೆಗೆ ಬಾ. ನಮ್ಮ ಬೀದಿಯವರನ್ನು, ಹೊಸಕೊಪ್ಪಲಿನವರನ್ನು ನಾನು ಕರೆಸಿರುತ್ತೇನೆ. ಅಮ್ಮನ ಮುಖ ನೋಡಿಕೊಂಡು, ಫೋನು ಕಟ್ ಮಾಡಿದ್ದರಿಂದ ಹಿಡಿದು ಅಪ್ಪ ಆಡಿದ ಕೊನೆಯ ಮಾತಿನವರೆಗೆ ಎಲ್ಲವನ್ನೂ ಹೇಳು.

ಅಣ್ಣ ಅನಿಲ್‌ಕುಮಾರ್ ಮನೆಯಲ್ಲೇ ಇರುತ್ತಾನೆ. ನಿನ್ನ ಕಾಗದ ಓದಿದ ದಿನ ಗೋಡೆಗೆ ಗುದ್ದಿ ಬೆರಳು ಮುರಿದುಕೊಂಡಿದ್ದಾನೆ. ಕತ್ತರಿಸಿ ಹಾಕುತ್ತೇನೆ ಎನ್ನುತ್ತಾನೆ, ಬಾಯಿಮಾತಿಗೆ ಹೇಳುವವನಲ್ಲ. ಅವನ ಕೈ ಹಿಡಿಯುತ್ತೇನೆಂದು ನಾನು ಮಾತು ಕೊಡುವುದಿಲ್ಲ. ತಿಳಿದುಕೊಂಡೇ ಬಾ.

ರಂಜಿತಾ

---

ಮೈಸೂರು
6 ಆಗಸ್ಟ್ 2025

ತಾಯಿ,

ಆರ್ಡರು ಬಂತು. ಹದಿನೈದನೇ ತಾರೀಕು ಬಿಡುತ್ತಾರೆ. ಅವತ್ತೇ ಅರಕಲಗೂಡಿನ ಬಸ್ಸು ಹಿಡಿದು ಊರಿಗೆ ಹೋಗಿ ಅವ್ವನ ಎದುರು ಕೂತು ಹೇಳುತ್ತೇನೆ. ಆಮೇಲೆ ಅವಳು ನನ್ನನ್ನು ಒಳಕ್ಕೆ ಸೇರಿಸುತ್ತಾಳೋ ಇಲ್ಲವೋ ಗೊತ್ತಿಲ್ಲ. ಸೇರಿಸದಿದ್ದರೆ ಬಸ್‌ಸ್ಟ್ಯಾಂಡಿನಲ್ಲಿ ಇರುತ್ತೇನೆ.

ಹದಿನೇಳು ಭಾನುವಾರ ಹತ್ತು ಗಂಟೆಗೆ ನಿಮ್ಮ ಮನೆಗೆ ಬರುತ್ತೇನೆ. ಜನರನ್ನು ಕರೆಸಿ. ನಿಮ್ಮ ಅಣ್ಣನವರೂ ಇರಲಿ. ನಾನು ಎಲ್ಲವನ್ನೂ ಹೇಳಿ ಮುಗಿಸುವ ತನಕ ಮಾತ್ರ ತಡೆದುಕೊಳ್ಳಲು ಅವರಿಗೆ ಹೇಳಿ.

ಶಿವರಾಜು